ಅಲ್ಲಿಂದ ಏನಿದೆ?

ಲಾರಿಯ ಮಾಲೀಕರೂ ತಾವೇ, ಚಾಲಕರೂ ತಾವೇ ಆಗಿರುವ ಬಂಧುಗಳಿಗೆ ನಮಸ್ಕಾರ. ಕೋಲಾರದ ಎಪಿಎಂಸಿ ಗೇಟಿನ ಹತ್ತಿರ ಲೋಡಿಗೆ ಕಾಯುತ್ತಿರುವವರು, ನರಸಾಪುರದ ಕಾರ್ಖಾನೆಗಳ ಮುಂದೆ ಸಾಲು ನಿಂತಿರುವವರು ರೇಡಿಯೊ ಸ್ವಲ್ಪ ಜೋರು ಮಾಡಿ. ಹದಿನಾಲ್ಕು ವರ್ಷ ಸ್ವಂತ ಲಾರಿ ಓಡಿಸಿ ಈಗ ಲಾರಿಗಳಿಗೆ ಲೋಡ್ ಹೊಂದಿಸಿಕೊಡುವ ಬುಕಿಂಗ್ ಕಚೇರಿ ನಡೆಸುತ್ತಿದ್ದೇನೆ. ಏಜೆಂಟರನ್ನು ಬೈದವನೂ ನಾನೇ, ಈಗ ಬೈಸಿಕೊಳ್ಳುವವನೂ ನಾನೇ.

ಒಳ್ಳೆಯ ಬಾಡಿಗೆ ಎಲ್ಲಿದೆ ಎಂದು ದಿನವೂ ಕೇಳುತ್ತೀರಿ. ನೀವು ಏಜೆಂಟರನ್ನು ಕೇಳಬೇಕಾದ ಮಾತು ಒಂದೇ: "ಅಲ್ಲಿಂದ ಏನಿದೆ?" ಹೋಗುವ ಬಾಡಿಗೆಯನ್ನು ಕೇಳಿ ಹಿಗ್ಗಬೇಡಿ. ಬರುವ ಬಾಡಿಗೆ ಗೊತ್ತಾಗುವ ತನಕ ಲೆಕ್ಕ ಅರ್ಧವೇ.

ಇದನ್ನು ನಾನು ಕಲಿತದ್ದು ನಾಗಪುರದಲ್ಲಿ. ಜೂನ್ ತಿಂಗಳು, ನಮ್ಮ ಮಂಡಿಯಲ್ಲಿ ಟೊಮೆಟೊ ರಾಶಿ ಬಿದ್ದಿತ್ತು, ಲಾರಿಗಳಿಗೆ ಬೇಡಿಕೆ. ಒಬ್ಬರು ಚೆನ್ನೈಗೆ 8,100 ಎಂದರು. ಇನ್ನೊಬ್ಬರು ನಾಗಪುರಕ್ಕೆ 44,000 ಎಂದರು. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ. ಸುಮಾರು 1,100 ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 40 ರೂಪಾಯಿ! ಮನೆಗೆ ಫೋನ್ ಮಾಡಿ ಟಿವಿ ನೋಡಿಟ್ಟುಕೊಳ್ಳಲು ಹೇಳಿದೆ. ಅಲ್ಲಿನ ಕಳಮನಾ ಮಂಡಿಯಲ್ಲಿ ಮಾಲು ಇಳಿಸಿದೆ, ವಾಪಸು ಹೇರಿಕೊಂಡು ಬರೋಣವೆಂದರೆ ಕಿತ್ತಳೆ ಕಾಲ ಮುಗಿದಿತ್ತು. ಊರಲ್ಲಿ ಒಬ್ಬರ ಪರಿಚಯವೂ ಇಲ್ಲ. ಆ ಬಿಸಿಲಿನಲ್ಲಿ ಮೂರು ದಿನ ಲಾರಿಯ ಕೆಳಗೆ ಚಾಪೆ ಹಾಸಿ ಮಲಗಿದೆ. ಕ್ಲೀನರ್ ಹುಡುಗ ಮಾತ್ರ ಅಲ್ಲಿನ ಹಮಾಲರಿಂದ ಮರಾಠಿ ಕಲಿತ. ನಾಲ್ಕನೆಯ ದಿನ ಖಾಲಿ ಲಾರಿ ತಿರುಗಿಸಿಕೊಂಡು ಬಂದೆ. ಲೀಟರಿಗೆ 4 ಕಿಲೋಮೀಟರ್ ಕೊಡುವ ಗಾಡಿ, ಬರಿ ಗಾಳಿ ಹೊತ್ತು ತರಲು 275 ಲೀಟರ್ ಡೀಸೆಲ್! ಈಗ ಭಾಗಿಸಿ ನೋಡಿ: 44,000ವನ್ನು 2,200 ಕಿಲೋಮೀಟರಿಗೆ. ಬರುವುದು 20 ರೂಪಾಯಿ. ನಾನು ಬೇಡವೆಂದ ಚೆನ್ನೈ ಲೋಡನ್ನು ಹಿಡಿದ ನನ್ನ ಭಾವಮೈದ ಬರುವಾಗ 5,400ರ ಬಾಡಿಗೆ ತಂದ. ಹೋಗಿಬರಲು 540 ಕಿಲೋಮೀಟರ್, ಕೈಗೆ 13,500. ಕಿಲೋಮೀಟರಿಗೆ 25. ನಾನು ಊರು ಸೇರುವಷ್ಟರಲ್ಲಿ ಅವನು ಇಂಥವು ಮೂರು ಟ್ರಿಪ್ ಮುಗಿಸಿದ್ದ. ಟಿವಿ ಅವನ ಮನೆಗೆ ಬಂತು.

ಅವನ ಗುಟ್ಟು ಇಷ್ಟೇ: ಅವನ ಏಜೆಂಟರಿಗೆ ಚೆನ್ನೈನಲ್ಲಿ ಗುರುತಿನ ಬುಕಿಂಗ್ ಕಚೇರಿಯಿತ್ತು. ಟೊಮೆಟೊ ತುಂಬುವಾಗಲೇ ವಾಪಸು ಲೋಡ್ ಮಾತಾಗಿತ್ತು. ಆ ತುದಿಯಲ್ಲೂ ಜನವಿರುವವನೇ ಏಜೆಂಟ್. ಅಂಥವನಿಗೆ ಕಮಿಷನ್ ಕೊಡಲು ಜಿಪುಣತನ ಬೇಡ. ಇನ್ನೂರು ರೂಪಾಯಿ ಉಳಿಸಲು ದಿನಕ್ಕೊಂದು ಕಚೇರಿ ಹತ್ತುವವರನ್ನು ಕಂಡರೆ, ಕ್ಷಮಿಸಿ, ನನಗೆ ಸಿಟ್ಟು ಬರುತ್ತದೆ. ಒಳ್ಳೆಯ ಲೋಡ್ ಬಂದಾಗ ನಾವು ಮೊದಲು ಫೋನ್ ಮಾಡುವುದು ಗುರುತಿದ್ದವರಿಗೆ. ಮೊಬೈಲಿನ ಆ್ಯಪ್‌ಗಳೂ ಲೋಡ್ ತೋರಿಸುತ್ತವೆ, ನೋಡಿ. ಆದರೆ ಅಲ್ಲಿಯೂ ಕೇಳಬೇಕಾದದ್ದು ಅದೇ: ಅಲ್ಲಿಂದ ಏನಿದೆ?

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹತ್ತು ಲಾರಿಯವರೆಗೆ ಇರುವವರು ಪ್ಯಾನ್ ಸಂಖ್ಯೆಯೊಂದಿಗೆ ಘೋಷಣಾ ಪತ್ರ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುವಂತಿಲ್ಲ, ಕೊಟ್ಟುಬಿಡಿ. ಕಾರ್ಖಾನೆಯ ಮಾಲಾದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪರವಾನಗಿಯಾದ ಇ-ವೇ ಬಿಲ್ಲಿನ ಅವಧಿ ನೋಡಿಕೊಳ್ಳಿ, ಅದು 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಮಾಲು ಇಳಿಸಿದ ಕಡೆ ಸಹಿ, ಮೊಹರು ಹಾಕಿಸಿಕೊಂಡು ಅಲ್ಲೇ ಫೋಟೊ ತೆಗೆದು ಕಳಿಸಿ, ಬ್ಯಾಲೆನ್ಸ್, ಅಂದರೆ ಬಾಕಿ ಬಾಡಿಗೆ, ಕೇಳಲು ಅದೇ ಆಧಾರ. ಇಳಿಸುವುದು ತಡವಾದರೆ ಕಾಯ್ದದ್ದಕ್ಕೆ ದಿನಕ್ಕೆ ಎಷ್ಟು ಹಾಲ್ಟಿಂಗ್ ಹಣ ಎಂಬುದನ್ನು ಲೋಡ್ ಮಾಡುವಾಗಲೇ ಬಿಲ್ಟಿಯ, ಅಂದರೆ ಮಾಲಿನ ಸಾಗಣೆ ರಸೀದಿಯ, ಮೇಲೆ ಬರೆಸಿ. ಬಾಯಿಮಾತಿಗೆ ನನ್ನ ಕಚೇರಿಯಲ್ಲೂ ಹಣ ಹುಟ್ಟುವುದಿಲ್ಲ. ನಮಸ್ಕಾರ.