ಬರಲಿರುವ ಲ್ಯಾಪ್‌ಟಾಪ್: ಲೆಕ್ಕಕ್ಕೆ ಸಿಗುವುದೆಷ್ಟು, ಸಿಗದಿರುವುದೆಷ್ಟು

ಎಲ್ಲರಿಗೂ ನಮಸ್ಕಾರ.

‘ಈಗಲೇ ಕೊಂಡುಬಿಡಲೇ, ಹೊಸ ಪ್ರೊಸೆಸರ್ ಬರುವ ತನಕ ಕಾಯಲೇ?’ ಲ್ಯಾಪ್‌ಟಾಪ್ ಕೊಳ್ಳಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ಇನ್ನೂ ಬಾರದ್ದರ ಬಗ್ಗೆ ಊಹೆ ಮಾಡಲೇಬೇಕು. ಊಹೆಗೂ ಒಂದು ಕ್ರಮ ಇದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಪ್ರೊಸೆಸರ್ ಹೇಗಿರುತ್ತದೆ ಎಂಬುದು ವರ್ಷ ಮೊದಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ, ಅದನ್ನು ಕೂರಿಸಿದ ಲ್ಯಾಪ್‌ಟಾಪ್ ಹೇಗಿರುತ್ತದೆ ಎಂಬುದು ಅಂಗಡಿಗೆ ಬರುವ ತನಕ ಗೊತ್ತಾಗುವುದಿಲ್ಲ. ಸೋರಿಕೆಯ ಸುದ್ದಿಗಳು ಇವೆರಡನ್ನೂ ಒಂದೇ ಎಂಬಂತೆ ಬರೆಯುತ್ತವೆ. ಕೊಳ್ಳುವವರು ದಾರಿ ತಪ್ಪುವುದು ಅಲ್ಲೇ.

ಪ್ರೊಸೆಸರ್ ವಿಷಯ ಅಷ್ಟು ಮೊದಲೇ ಹೊರಬೀಳುವುದು ಏಕೆ? ವಿನ್ಯಾಸ ಮುಗಿಸಿ ಕಾರ್ಖಾನೆಗೆ ಕಳಿಸುವ ಹಂತವನ್ನು ಟೇಪ್‌ಔಟ್ ಅನ್ನುತ್ತಾರೆ. ಅಲ್ಲಿಂದ ಮೊದಲ ವೇಫರ್ (ಚಿಪ್‌ಗಳನ್ನು ಮುದ್ರಿಸಿದ ಸಿಲಿಕಾನ್ ಬಿಲ್ಲೆ) ಕೈಗೆ ಬರಲು ಸಾಮಾನ್ಯವಾಗಿ ಮೂರು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಬಂದ ಚಿಪ್ಪಿನಲ್ಲಿ ದೋಷ ಸಿಕ್ಕರೆ ಮಾಸ್ಕ್ (ಮುದ್ರಣದ ಅಚ್ಚು) ತಿದ್ದಿ ಮತ್ತೆ ಕಳಿಸಬೇಕು. ಎ0, ಬಿ0 ಎಂಬ ಸ್ಟೆಪ್ಪಿಂಗ್ ಹೆಸರುಗಳು ಹುಟ್ಟುವುದು ಹೀಗೆ. ಆಮೇಲೆ ಲ್ಯಾಪ್‌ಟಾಪ್ ಕಂಪನಿಗಳು ಮದರ್‌ಬೋರ್ಡ್ ಮಾಡಿ ಪರೀಕ್ಷೆಗೆ ಒಡ್ಡಬೇಕು. ಇಷ್ಟರೊಳಗೆ ಲಿನಕ್ಸ್ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು), ಕಂಪೈಲರ್ (ಬರೆದ ಕೋಡನ್ನು ಚಿಪ್ಪಿಗೆ ಅರ್ಥವಾಗುವಂತೆ ಮಾಡುವ ತಂತ್ರಾಂಶ), ಗ್ರಾಫಿಕ್ಸ್ ಡ್ರೈವರ್ ಎಲ್ಲವೂ ಹೊಸ ಚಿಪ್ಪನ್ನು ಗುರುತಿಸುವಂತೆ ಆಗಿರಬೇಕು. ಅವು ಮುಕ್ತ ತಂತ್ರಾಂಶಗಳಾದ್ದರಿಂದ ಆ ಕೆಲಸ ಎಲ್ಲರ ಕಣ್ಣೆದುರೇ ನಡೆಯುತ್ತದೆ.

ಒಂದು ಉದಾಹರಣೆ. ಜಿಸಿಸಿ ಕಂಪೈಲರ್‌ನ 14ನೇ ಆವೃತ್ತಿ 2024ರ ಮೇ ತಿಂಗಳಲ್ಲಿ ಬಂತು. ಅದು ಗುರುತಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಂಟೆಲ್‌ನ ‘ಪ್ಯಾಂಥರ್ ಲೇಕ್’ ಹೆಸರು ಆಗಲೇ ಇತ್ತು. ಆ ಚಿಪ್ಪಿನ ಲ್ಯಾಪ್‌ಟಾಪ್‌ಗಳು ಹೊರಬಂದದ್ದು 2026ರ ಜನವರಿಯಲ್ಲಿ. ಎಎಂಡಿಯ ಝೆನ್ 5ಕ್ಕೆ ಬೇಕಾದ ಪ್ಯಾಚ್ (ತಂತ್ರಾಂಶಕ್ಕೆ ಸೇರಿಸುವ ಕೋಡ್ ತುಣುಕು) 2024ರ ಫೆಬ್ರವರಿಯಲ್ಲಿ ಬಂತು, ಆ ಕೋರ್ (ಲೆಕ್ಕ ಮಾಡುವ ಘಟಕ) ಇರುವ ರೈಝೆನ್ ಎಐ 300 ಲ್ಯಾಪ್‌ಟಾಪ್‌ಗಳು ಜುಲೈ ಕೊನೆಗೆ. ಇದನ್ನೆಲ್ಲ ಬರೆಯುವವರು ಆ ಕಂಪನಿಗಳ ಎಂಜಿನಿಯರ್‌ಗಳೇ. ಇಂಥ ಕೆಲಸ ನಮ್ಮ ಬೆಂಗಳೂರಿನಲ್ಲೂ ಬೇಕಾದಷ್ಟು ನಡೆಯುತ್ತದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಇಲ್ಲೇ. ಹಾಗಾಗಿ ಸುಳಿವುಗಳಲ್ಲಿ ಮೊದಲ ಮರ್ಯಾದೆ ಪ್ಯಾಚ್‌ಗೆ ಸಲ್ಲಬೇಕು. ಯಾವ ಬಗೆಯ ಕೋರ್, ಯಾವ ಹೊಸ ಇನ್‌ಸ್ಟ್ರಕ್ಷನ್, ಯಾವ ತಲೆಮಾರಿನ ಗ್ರಾಫಿಕ್ಸ್ ಎಂಬುದನ್ನು ಅದು ಹೇಳುತ್ತದೆ. ಗಡಿಯಾರದ ವೇಗ, ಬೆಲೆ, ಬಿಡುಗಡೆಯ ದಿನ ಇವನ್ನು ಹೇಳುವುದಿಲ್ಲ. ಪ್ಯಾಚ್ ತೋರಿಸಿ ದಿನಾಂಕ ಹೇಳುವವರನ್ನು ನಂಬಬೇಡಿ. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ನೋಂದಣಿಯ ಸುದ್ದಿಯೂ ಬರುತ್ತಿರುತ್ತದೆ. ಭಾರತದಲ್ಲಿ ಮಾರುವ ಲ್ಯಾಪ್‌ಟಾಪ್‌ಗೂ ಅಡಾಪ್ಟರ್‌ಗೂ ಅದು ಕಡ್ಡಾಯ, ನಿಜ. ಆದರೆ ಅಲ್ಲಿ ಸಿಗುವುದು ಮಾಡೆಲ್ ಸಂಖ್ಯೆ ಮಾತ್ರ. ಒಳಗಿನ ಪ್ರೊಸೆಸರ್ ಯಾವುದೆಂದು ಅದರಿಂದ ತಿಳಿಯದು.

ಎರಡನೆಯ ಸುಳಿವು ಮೆಮೊರಿಯ ಲೆಕ್ಕ. ನನಗೆ ಬಹಳ ಇಷ್ಟವಾದದ್ದು ಇದೇ, ಏಕೆಂದರೆ ಇದಕ್ಕೆ ಯಾರ ಸೋರಿಕೆಯೂ ಬೇಡ. ಮೆಮೊರಿಯ ವೇಗವನ್ನು (ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಎಂಬುದು) ಬಸ್ಸಿನ, ಅಂದರೆ ಮೆಮೊರಿಗೂ ಪ್ರೊಸೆಸರ್‌ಗೂ ನಡುವಿನ ದಾರಿಯ, ಅಗಲದಿಂದ ಗುಣಿಸಿ 8ರಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್, ಅಂದರೆ ಸೆಕೆಂಡಿಗೆ ಸಾಗುವ ದತ್ತಾಂಶ, ಎಂಬಿ ಲೆಕ್ಕದಲ್ಲಿ ಸಿಗುತ್ತದೆ. ಆ್ಯಪಲ್ ತನ್ನ ಮೂಲ ಎಂ ಸರಣಿಯ ಪ್ರೊಸೆಸರ್‌ಗಳಲ್ಲಿ 128 ಬಿಟ್ ಬಸ್ಸನ್ನು ಬದಲಿಸಿಯೇ ಇಲ್ಲ. 2020ರ ಎಂ1ರಲ್ಲಿ ಇದ್ದದ್ದು ಎಲ್‌ಪಿಡಿಡಿಆರ್4ಎಕ್ಸ್ ಎಂಬ ಬಗೆಯ ಮೆಮೊರಿ, ವೇಗ 4266. ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 68 ಜಿಬಿ. ಎಂ2ರಲ್ಲಿ ವೇಗ 6400ಕ್ಕೆ ಏರಿತು, ಬ್ಯಾಂಡ್‌ವಿಡ್ತ್ 100ಕ್ಕೆ. ಎಂ4ರಲ್ಲಿ 7500, ಅಂದರೆ 120. ಮಾರುಕಟ್ಟೆಗೆ 9600 ವೇಗದ ಎಲ್‌ಪಿಡಿಡಿಆರ್5ಎಕ್ಸ್ ಬಂದಿದೆ ಎಂದು ಗೊತ್ತಿದ್ದವರು ಮುಂದಿನದು 153ರ ಆಸುಪಾಸು ಎಂದು ಕೂತಲ್ಲೇ ಹೇಳಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಬಂದ ಎಂ5ಗೆ ಆ್ಯಪಲ್ ಕೊಟ್ಟ ಅಂಕಿ ಅದೇ, 153.

ಈ ಅಂಕಿಗೆ ಯಾಕಿಷ್ಟು ಬೆಲೆ? ಲ್ಯಾಪ್‌ಟಾಪ್‌ನಲ್ಲೇ ಭಾಷಾ ಮಾದರಿ, ಅಂದರೆ ಚಾಟ್‌ಬಾಟ್‌ನಂಥ ಎಐ, ಓಡಿಸುವವರನ್ನು ತೆಗೆದುಕೊಳ್ಳಿ. 800 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೆ ಸುಮಾರು 5 ಜಿಬಿ ಆಗುತ್ತದೆ. ಒಂದೊಂದು ಟೋಕನ್ (ಪದದ ತುಣುಕು) ಹೊರಬರಲು ಆ 5 ಜಿಬಿಯನ್ನೂ ಒಮ್ಮೆ ಓದಬೇಕು. ಹಾಗಾದರೆ 120 ಜಿಬಿಯ ಯಂತ್ರದಲ್ಲಿ ಸೆಕೆಂಡಿಗೆ 24 ಟೋಕನ್, 153ರಲ್ಲಿ 30. ಇದು ಮೇಲ್ಮಿತಿ, ನಿಜದಲ್ಲಿ ಇನ್ನೂ ಕಡಿಮೆ. ಎಐ ಕೆಲಸಕ್ಕೆಂದೇ ಇರುವ ಎನ್‌ಪಿಯು ಭಾಗದ ಟಾಪ್ಸ್ ಸಂಖ್ಯೆ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬುದು) ಎಷ್ಟೇ ದೊಡ್ಡದಿರಲಿ, ಈ ಗಡಿ ದಾಟದು. ಹಲವು ಮಾದರಿಗಳಲ್ಲಿ ಕನ್ನಡದ ಒಂದು ಪದಕ್ಕೆ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಟೋಕನ್ ಖರ್ಚಾಗುತ್ತದೆ, ಆದ್ದರಿಂದ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಇನ್ನೂ ಹೆಚ್ಚು ತಟ್ಟುತ್ತದೆ.

ಮುಂದಿನ ಹೆಜ್ಜೆ ಎಲ್‌ಪಿಡಿಡಿಆರ್6. ಮೆಮೊರಿ ಮಾನದಂಡ ರೂಪಿಸುವ ಸಂಸ್ಥೆ ಜೆಡೆಕ್ ಇದರ ಮಾನದಂಡವನ್ನು 2025ರ ಜುಲೈನಲ್ಲಿ ಪ್ರಕಟಿಸಿತು. ಇಲ್ಲಿ ಹಳೆಯ ಗುಣಾಕಾರ ಹಾಗೇ ಮಾಡಿದರೆ ತಪ್ಪುತ್ತದೆ. ಚಾನೆಲ್ ಈಗ 24 ಬಿಟ್ ಅಗಲ, ಮತ್ತು ಸಾಗುವ ಪ್ರತಿ 288 ಬಿಟ್‌ಗಳಲ್ಲಿ ದತ್ತಾಂಶಕ್ಕೆ ಸಿಗುವುದು 256. 14400 ವೇಗದಲ್ಲಿ ಒಂದು ಚಾನೆಲ್‌ಗೆ 43.2 ಜಿಬಿ ಎಂದು ಬರುತ್ತದೆ; ಅದರ ಒಂಬತ್ತರಲ್ಲಿ ಎಂಟು ಭಾಗ, 38.4 ಜಿಬಿ, ನಿಜವಾಗಿ ಉಪಯೋಗಕ್ಕೆ ಬರುವುದು. ಇನ್ನು ಮುಂದೆ ಬರುವ ಸುದ್ದಿಗಳಲ್ಲಿ ಈ ತಪ್ಪು ಲೆಕ್ಕ ಧಾರಾಳವಾಗಿ ಕಾಣಲಿದೆ, ನೋಡುತ್ತಿರಿ.

ಮೂರನೆಯದು ಗೀಕ್‌ಬೆಂಚ್ ಎಂಬ ವೇಗಪರೀಕ್ಷೆಯ, ಜಾಲತಾಣದಲ್ಲಿ ಕಾಣುವ ಅಂಕಗಳು. ಸುದ್ದಿಯಾಗುವುದು ಹೆಚ್ಚಾಗಿ ಇವೇ, ಅಪಾರ್ಥಕ್ಕೆ ಗುರಿಯಾಗುವುದೂ ಇವೇ. ಇಂಥ ಪುಟ ಸಿಕ್ಕರೆ ಅಂಕ ನೋಡುವ ಮೊದಲು ಪ್ರೊಸೆಸರ್ ಹೆಸರು ಓದಿ. ‘ಜೆನ್ಯೂಯಿನ್ ಇಂಟೆಲ್ 0000’ ಎಂದೋ, ‘ಎಎಂಡಿ ಎಂಜಿ ಸ್ಯಾಂಪಲ್’ ಎಂದು ಶುರುವಾಗಿ ಉದ್ದನೆಯ ಸಂಖ್ಯೆಯೋ ಇದ್ದರೆ ಅದು ಪರೀಕ್ಷೆಗಾಗಿ ಮಾಡಿದ ಚಿಪ್. ಅದರ ಗಡಿಯಾರ ಬೇಕೆಂದೇ ತಗ್ಗಿಸಿರಬಹುದು, ಬಯೋಸ್ ಅರ್ಧಂಬರ್ಧ ಇರಬಹುದು. ಅಂಥದ್ದರ ಕಡಿಮೆ ಅಂಕದಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಕೋರ್‌ಗಳ ಸಂಖ್ಯೆ, ಕ್ಯಾಶ್ ಗಾತ್ರ ಇವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಆಮೇಲೆ ಒಟ್ಟು ಅಂಕ ಬಿಟ್ಟು ಒಳಗಿನ ಬಿಡಿ ಪರೀಕ್ಷೆಗಳಿಗೆ ಹೋಗಿ. ಎಂ4 ಬಂದಾಗ ಆದದ್ದನ್ನು ನೋಡಿ. ಗೀಕ್‌ಬೆಂಚ್ 6.3 ಆವೃತ್ತಿಗೆ ಎಸ್‌ಎಂಇ ಎಂಬ ಮ್ಯಾಟ್ರಿಕ್ಸ್ ಇನ್‌ಸ್ಟ್ರಕ್ಷನ್‌ಗಳ ಬೆಂಬಲ 2024ರ ಏಪ್ರಿಲ್‌ನಲ್ಲಿ ಸೇರಿತು. ಎಂ4ರಲ್ಲಿ ಅವು ಇದ್ದವು, ಎಂ3ರಲ್ಲಿ ಇರಲಿಲ್ಲ. ಹಾಗಾಗಿ ‘ಆಬ್ಜೆಕ್ಟ್ ಡಿಟೆಕ್ಷನ್’ ಪರೀಕ್ಷೆಯ ಅಂಕ ವಿಪರೀತ ಏರಿ ಒಟ್ಟು ಅಂಕವನ್ನೂ ಮೇಲಕ್ಕೆ ಎಳೆಯಿತು. ನೀವು ಕೋಡ್ ಬರೆಯುವವರಾದರೆ ‘ಕ್ಲ್ಯಾಂಗ್’ (ಕೋಡ್ ಕಂಪೈಲ್ ಮಾಡುವ) ಪರೀಕ್ಷೆಯ ಏರಿಕೆಯನ್ನು ಮಾತ್ರ ಹೋಲಿಸಿ. ನಿಮ್ಮ ದಿನದ ಕೆಲಸಕ್ಕೆ ಹತ್ತಿರವಾದ ಸಂಖ್ಯೆ ಅದು.

ಇಷ್ಟೆಲ್ಲ ಲೆಕ್ಕಕ್ಕೂ ಸಿಗದೆ ಜಾರುವ ವಿಷಯ ಒಂದಿದೆ, ಕಾರ್ಖಾನೆಯ ತಂತ್ರಜ್ಞಾನ. ಇಲ್ಲಿ ಕಂಪನಿಯ ಸ್ವಂತ ಮಾತೂ ಸುಳ್ಳಾಗಿದೆ. ಇಂಟೆಲ್‌ನ 10 ನ್ಯಾನೊಮೀಟರ್ ಚಿಪ್‌ಗಳು 2017ರ ಉತ್ತರಾರ್ಧಕ್ಕೆ ಬರುತ್ತವೆ ಎಂದು ಅದರ ಆಗಿನ ಮುಖ್ಯಸ್ಥ ಬ್ರಯಾನ್ ಕ್ರ್‌ಝಾನಿಚ್ 2015ರ ಜುಲೈನಲ್ಲಿ ಹೇಳಿದ್ದರು. 2018ರಲ್ಲಿ ಬಂದ ಕ್ಯಾನನ್ ಲೇಕ್ ತಲೆಮಾರಿನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿದ್ದು ಕೋರ್ ಐ3 8121ಯು ಎಂಬ ಒಂದೇ ಚಿಪ್, ಎರಡೇ ಕೋರ್. ಚೀನಾದಲ್ಲಿ ಮಾರಿದ ಲೆನೊವೊ ಐಡಿಯಾಪ್ಯಾಡ್ 330ರಲ್ಲಿ ಅದು ಕಾಣಿಸಿಕೊಂಡಾಗ ಒಳಗಿನ ಗ್ರಾಫಿಕ್ಸ್ ನಿಷ್ಕ್ರಿಯವಾಗಿತ್ತು; ಪರದೆ ನಡೆಸಲು ಬೇರೆ ರೇಡಿಯಾನ್ ಚಿಪ್ ಹಾಕಬೇಕಾಯಿತು. ಇಯುವಿ ಯಂತ್ರಗಳಿಲ್ಲದೆ (ಅತಿ ಸೂಕ್ಷ್ಮ ಗೆರೆಗಳನ್ನು ಮುದ್ರಿಸುವವು ಅವು) ಒಂದೇ ಪದರವನ್ನು ಹಲವು ಬಾರಿ ಮುದ್ರಿಸುತ್ತ, ಒಂದೇ ನೆಗೆತಕ್ಕೆ 2.7 ಪಟ್ಟು ಸಾಂದ್ರತೆ ಸಾಧಿಸಹೊರಟದ್ದು ಈ ತಡಕ್ಕೆ ಮುಖ್ಯ ಕಾರಣ. ಅದೇ ತಂತ್ರಜ್ಞಾನದ ಐಸ್ ಲೇಕ್ ತಲೆಮಾರು ಬರುವಷ್ಟರಲ್ಲಿ 2019 ಆಗಿತ್ತು. ಹಾಗೆಯೇ ಆ್ಯರೋ ಲೇಕ್‌ಗೆಂದು ಇಟ್ಟಿದ್ದ 20ಎ ತಂತ್ರಜ್ಞಾನವನ್ನು ಇಂಟೆಲ್ 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಆದ್ದರಿಂದ ಹೊಸ ತಂತ್ರಜ್ಞಾನದ ಮೊದಲ ಚಿಪ್ ಎಂದರೆ ಹೇಳಿದ ದಿನಾಂಕಕ್ಕೆ ನಾನು ಮನಸ್ಸಿನಲ್ಲೇ ಆರು ತಿಂಗಳು ಸೇರಿಸುತ್ತೇನೆ. ಎರಡನೆಯ ಚಿಪ್ಪಿಗೆ ಅಷ್ಟು ಅನುಮಾನ ಬೇಡ.

ಹೆಸರುಗಳ ಬಗ್ಗೆ ಒಂದೆರಡು ಮಾತು. 2021ರಲ್ಲಿ ಎಲ್ಲರೂ ಎಂ1ಎಕ್ಸ್ ಬರುತ್ತದೆ ಎಂದರು. ಬಂದದ್ದು ಎಂ1 ಪ್ರೊ ಮತ್ತು ಎಂ1 ಮ್ಯಾಕ್ಸ್. 8 ದೊಡ್ಡ ಕೋರ್, 2 ಚಿಕ್ಕ ಕೋರ್, 16 ಅಥವಾ 32 ಗ್ರಾಫಿಕ್ಸ್ ಕೋರ್ ಎಂಬ ಒಳವಿವರ ಮಾತ್ರ ಸರಿಯಾಗಿತ್ತು. ಹೆಸರನ್ನು ಮಾರಾಟ ವಿಭಾಗ ಕೊನೆ ಗಳಿಗೆಯಲ್ಲೂ ಬದಲಿಸಬಹುದು, ಸಿಲಿಕಾನ್ ಬದಲಿಸಲಾಗದು. ಇದರ ಇನ್ನೊಂದು ಮುಖ ಗ್ರಾಹಕರಿಗೆ ಹೆಚ್ಚು ನಷ್ಟದ್ದು: ಸಂಖ್ಯೆ ಹೊಸದು, ಒಳಗಿನದು ಹಳೆಯದು. ಎಎಂಡಿಯ ರೈಝೆನ್ 5 7520ಯು, 7530ಯು, 7540ಯು ಮೂರೂ ಅಕ್ಕಪಕ್ಕದ ಸಂಖ್ಯೆಗಳು. ಒಳಗೆ ಕ್ರಮವಾಗಿ ಝೆನ್ 2, ಝೆನ್ 3, ಝೆನ್ 4. ಮೂರನೆಯ ಅಂಕಿ ಓದಲು ಗೊತ್ತಿಲ್ಲದವರು ಹಳೆಯ ಕೋರ್‌ಗೆ ಹೊಸದರ ದುಡ್ಡು ಕೊಟ್ಟರು. ಇಂಟೆಲ್‌ನಲ್ಲೂ ‘ಅಲ್ಟ್ರಾ’ ಪದ ಇಲ್ಲದ ಕೋರ್ 5 210ಎಚ್ ಹೊಸದೆನಿಸಿದರೂ ರಾಪ್ಟರ್ ಲೇಕ್ ವಂಶದ್ದೇ. ಎಎಂಡಿಯ ರೈಝೆನ್ ಎಐ 400 ಕೂಡ 2026ರ ಹೊಸ ಹೆಸರು, ಕೋರ್ ಅದೇ ಝೆನ್ 5. ಇಂಥ ವರ್ಷದಲ್ಲಿ ಹಿಂದಿನ 300 ಸರಣಿಯ ಯಂತ್ರ ಕಡಿಮೆ ಬೆಲೆಗೆ ಸಿಕ್ಕರೆ ಕಾಯುವುದರಲ್ಲಿ ಅರ್ಥವಿಲ್ಲ.

ಈಗ ಲ್ಯಾಪ್‌ಟಾಪ್‌ಗೆ ಬರೋಣ. ಪ್ರೊಸೆಸರ್ ಒಂದೇ ಇದ್ದರೂ ಯಂತ್ರದಿಂದ ಯಂತ್ರಕ್ಕೆ ಫಲಿತಾಂಶ ಬೇರೆಯಾಗಲು ಮೊದಲ ಕಾರಣ ವ್ಯಾಟ್. ರೈಝೆನ್ ಎಐ 9 ಎಚ್‌ಎಕ್ಸ್ 370 ಚಿಪ್ಪನ್ನು 15ರಿಂದ 54 ವ್ಯಾಟ್ ತನಕ ಎಲ್ಲಿ ಬೇಕಾದರೂ ನಿಲ್ಲಿಸುವ ಅವಕಾಶವನ್ನು ಎಎಂಡಿ ಲ್ಯಾಪ್‌ಟಾಪ್ ಕಂಪನಿಗೆ ಬಿಟ್ಟಿದೆ. ತೆಳ್ಳಗಿನ ಮೈ, ಒಂದೇ ಫ್ಯಾನ್ ಇದ್ದರೆ ಕೆಳಗಿನ ಅಂಚಿನಲ್ಲಿ; ಎರಡು ಫ್ಯಾನ್, ದಪ್ಪ ಹೀಟ್‌ಪೈಪ್ ಇದ್ದರೆ ಮೇಲೆ. ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ಎರಡನೆಯದು ರ‍್ಯಾಮ್ ಜೋಡಿಸುವ ಕ್ರಮ. ಡಿಡಿಆರ್5 5600ರ ಒಂದೇ ಸ್ಟಿಕ್ ಹಾಕಿದರೆ ಬಸ್ಸು 64 ಬಿಟ್, ಸಿಗುವುದು 44.8 ಜಿಬಿ, ಎರಡು ಹಾಕಿದರೆ 89.6. ಬೆಲೆ ಇಳಿಸಲು ಒಂದೇ ಸ್ಟಿಕ್ ಹಾಕಿ ಮಾರುವ ಮಾದರಿಗಳು ನಮ್ಮಲ್ಲಿ ಬಹಳ. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲದ ಕಾರಣ ಪೂರ್ತಿ ಹೊಡೆತ ಬೀಳುವುದು ಅದಕ್ಕೇ. ಇಂಟೆಲ್‌ನ ಮೀಟಿಯರ್ ಲೇಕ್ ಎಚ್ ಚಿಪ್‌ನಲ್ಲಿ ಎರಡು ಚಾನೆಲ್, ಕನಿಷ್ಠ 16 ಜಿಬಿ ಇಲ್ಲದಿದ್ದರೆ ‘ಆರ್ಕ್’ ಎಂಬ ಹೆಸರೂ ಸಿಗದೆ ಬರೀ ‘ಇಂಟೆಲ್ ಗ್ರಾಫಿಕ್ಸ್’ ಎಂದು ತೋರುತ್ತದೆ. ಅದರ ನಂತರದ ಲೂನಾರ್ ಲೇಕ್‌ನಲ್ಲಿ ಈ ತೊಂದರೆ ಇರಲಿಲ್ಲ, ಮೆಮೊರಿ ಪ್ರೊಸೆಸರ್ ಜೊತೆಗೇ ಅಂಟಿಕೊಂಡಿತ್ತು. 256ವಿ ಎಂದರೆ 16 ಜಿಬಿ, 258ವಿ ಎಂದರೆ 32. ಆ ಪದ್ಧತಿ ಮುಂದುವರಿಯದು ಎಂದು ಇಂಟೆಲ್ 2024ರ ಅಕ್ಟೋಬರ್‌ನಲ್ಲೇ ಹೂಡಿಕೆದಾರರಿಗೆ ಹೇಳಿತ್ತು. ಹಾಗಾಗಿ ಈಗ ಆಯ್ಕೆ ಮತ್ತೆ ಲ್ಯಾಪ್‌ಟಾಪ್ ಕಂಪನಿಯ ಕೈಯಲ್ಲಿದೆ.

2026ರ ಲ್ಯಾಪ್‌ಟಾಪ್‌ಗಳ ಬಗ್ಗೆ ನನ್ನ ದೊಡ್ಡ ಊಹೆ ಪ್ರೊಸೆಸರ್‌ಗೆ ಸಂಬಂಧಿಸಿದ್ದಲ್ಲವೇ ಅಲ್ಲ. ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿ ಅಷ್ಟೇ ಗಾತ್ರದ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್ ನುಂಗುತ್ತದೆ. ಮೆಮೊರಿ ಕಾರ್ಖಾನೆಗಳು ಅತ್ತ ವಾಲಿವೆ. ಗ್ರಾಹಕರಿಗೆ ನೇರವಾಗಿ ಮಾರುವ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮೈಕ್ರೋಸಾಫ್ಟ್‌ನ ‘ಕೋಪೈಲಟ್ ಪ್ಲಸ್’ ಎಂಬ ಎಐ ಪಿಸಿ ಮುದ್ರೆಗೆ 16 ಜಿಬಿ ಕಡ್ಡಾಯವಾದ್ದರಿಂದ ಮೇಲ್ಮಟ್ಟದ ಯಂತ್ರಗಳಲ್ಲಿ ರ‍್ಯಾಮ್ ಇಳಿಯದು, ಬೆಲೆ ಏರುತ್ತದೆ. ಕೆಳಮಟ್ಟದಲ್ಲಿ ಹೊಸ ಪ್ರೊಸೆಸರ್ ಜೊತೆ ಬೆಸುಗೆ ಹಾಕಿದ 8 ಜಿಬಿ ಮತ್ತೆ ಕಾಣಿಸಿಕೊಳ್ಳಬಹುದು. ಅಂಥದ್ದಕ್ಕಿಂತ ಹಿಂದಿನ ತಲೆಮಾರಿನ ಪ್ರೊಸೆಸರ್, ಎರಡು ಸ್ಲಾಟ್, 16 ಜಿಬಿ ಇರುವುದು ಎಷ್ಟೋ ಮೇಲು. ಕಾಲೇಜಿಗೆಂದು ಕೊಳ್ಳುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಕಾಯಲು ಸರಿಯಾದ ಕಾರಣಗಳೂ ಇವೆ. ಗ್ರಾಫಿಕ್ಸ್ ತಲೆಮಾರು ಬದಲಾಗುತ್ತಿದ್ದರೆ, ಬ್ಯಾಂಡ್‌ವಿಡ್ತ್ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತಿದ್ದರೆ, ನಿಮ್ಮ ಕೆಲಸ ಅವುಗಳನ್ನೇ ನೆಚ್ಚಿದ್ದರೆ ಕಾಯಿರಿ. ಎನ್‌ಪಿಯು ಒಂದಕ್ಕಾಗಿ ಕಾಯಬೇಡಿ. ಕಾದರೂ ಬಿಡುಗಡೆಯ ದಿನವೇ ಕೊಳ್ಳದೆ, ನಿಮಗೆ ಬೇಕಾದ ಮಾಡೆಲ್‌ನದ್ದೇ ಪರೀಕ್ಷಾ ವರದಿ ಬರಲಿ. ಅದೇ ಪ್ರೊಸೆಸರ್‌ನ ಬೇರೆ ಮಾಡೆಲ್ ವರದಿ ಸಾಲದು.

ಯಂತ್ರ ಮನೆಗೆ ಬಂದ ಮೇಲೆ, ವಾಪಸು ಕೊಡುವ ಗಡುವು ಮುಗಿಯುವ ಮೊದಲು, ಇಷ್ಟು ಮಾಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿವೆ, ವೇಗ ಎಷ್ಟು ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಹೆಸರು ಓದಿ. ಎಚ್‌ಡಬ್ಲ್ಯುಇನ್‌ಫೋ ಎಂಬ ಮಾಪನ ತಂತ್ರಾಂಶ ತೆರೆದು ‘ಸಿಪಿಯು ಪ್ಯಾಕೇಜ್ ಪವರ್’ ಸಾಲು ಕಣ್ಣಿಗೆ ಬೀಳುವಂತೆ ಇಟ್ಟುಕೊಂಡು ಸಿನೆಬೆಂಚ್ 2024 ಎಂಬ ವೇಗಪರೀಕ್ಷಾ ತಂತ್ರಾಂಶದ ಬಹುಕೋರ್ ಪರೀಕ್ಷೆಯನ್ನು 10 ನಿಮಿಷ ಓಡಿಸಿ. ಮೊದಲ ಅರ್ಧ ನಿಮಿಷದ ವ್ಯಾಟ್ ಲೆಕ್ಕಕ್ಕಿಲ್ಲ, ಅದು ಟರ್ಬೊ. ಕೊನೆಯ 5 ನಿಮಿಷ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಲ್ಯಾಪ್‌ಟಾಪ್‌ನ ನಿಜವಾದ ಶಕ್ತಿ. ಚಾರ್ಜರ್ ಕಿತ್ತು ಇನ್ನೊಮ್ಮೆ ಓಡಿಸಿ. ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿದರೆ, ಮೊದಲು ವಿಂಡೋಸ್‌ನ ಪವರ್ ಮೋಡ್ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಅದು ಕಂಪನಿ ಹಾಕಿದ ಮಿತಿ. ದಿನವಿಡೀ ಪ್ಲಗ್ ಇಲ್ಲದೆ ಕೆಲಸ ಮಾಡುವವರಾದರೆ ಅಂಥ ಯಂತ್ರವನ್ನು ಹಿಂದಿರುಗಿಸಿ.

ಪ್ರಶ್ನೆಗಳಿದ್ದರೆ ಈಗ ಕೇಳಿ.