ಜಾನ್ ಕ್ರೇಮರ್ ಒಳ್ಳೆಯವನಾದದ್ದು ಯಾವಾಗ?

ಎಲ್ಲರಿಗೂ ನಮಸ್ಕಾರ. ನಿನ್ನೆ ಇದೇ ಸಭಾಂಗಣದಲ್ಲಿ 'ಸಾ' (Saw) ಅನ್ನುವ ಹಾರರ್ ಸರಣಿಯ ಹತ್ತನೇ ಚಿತ್ರ ನೋಡಿದವರು ತುಂಬಾ ಜನ ಇದ್ದೀರಿ. ಜನರನ್ನು ಸಾವಿನ ಯಂತ್ರಗಳಿಗೆ ಕಟ್ಟಿ, ಇದು ನಿಮಗೆ ಪರೀಕ್ಷೆ ಅನ್ನುವ ಜಾನ್ ಕ್ರೇಮರನ ಕಥೆ ಅದು. ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಕಥೆಯ ಕೊನೆಯವರೆಗೂ ಹೋಗುತ್ತೇನೆ. ಬೇಜಾರಾಗುವವರು ಹೊರಗೆ ಕಾಫಿ ಕುಡಿದು ಬನ್ನಿ. ಕಾಫಿ ಚೆನ್ನಾಗಿಯೇ ಇದೆ.

ಇವತ್ತಿಗೆ ನಾನು ಬರೆದುಕೊಂಡಿದ್ದು ಬೇರೆ. ಹಾರರ್ ಚಿತ್ರಗಳಲ್ಲಿ ಸದ್ದು ಏನು ಮಾಡುತ್ತದೆ ಅಂತ ಮಾತಾಡಬೇಕಿತ್ತು. ಆದರೆ ನಿನ್ನೆ ಕೊನೆಯಲ್ಲಿ ಜಾನ್ ಕ್ರೇಮರ್, ಅವನ ಶಿಷ್ಯೆ ಅಮಾಂಡಾ, ಆ ಪುಟ್ಟ ಹುಡುಗ ಕಾರ್ಲೋಸ್ ಮೂವರೂ ಹೊರಗೆ ನಡೆದು ಹೋದಾಗ ಚಪ್ಪಾಳೆ ಬಿತ್ತು. ಸಣ್ಣ ಚಪ್ಪಾಳೆ ಅಲ್ಲ. ರಾತ್ರಿ ಮನೆಗೆ ಹೋದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಹಾಗಾಗಿ ಸದ್ದಿನ ಉಪನ್ಯಾಸ ಬ್ಯಾಗಿನಲ್ಲೇ ಇರಲಿ.

ನಾವು ಚಪ್ಪಾಳೆ ತಟ್ಟಿದ್ದು ಯಾರಿಗೆ? 2004ರಲ್ಲಿ ಜೇಮ್ಸ್ ವಾನ್, ಲೀ ವಾನೆಲ್ ಅನ್ನುವ ಇಬ್ಬರು ಹುಡುಗರು ತಂದು ನಿಲ್ಲಿಸಿದ ಮನುಷ್ಯ ಇವನೇ. ಇಬ್ಬರನ್ನು ಕೊಳಕು ಬಚ್ಚಲುಮನೆಯಲ್ಲಿ ಸರಪಳಿ ಹಾಕಿ ಕಟ್ಟಿದವನು. ಅದರಲ್ಲಿ ಒಬ್ಬ ಆಡಮ್. ಅವನ ಬೀಗದ ಕೈ ಇದ್ದಿದ್ದು ನೀರು ತುಂಬಿದ ತೊಟ್ಟಿಯಲ್ಲಿ. ಅವನು ಎಚ್ಚರವಾಗುವ ಗಡಿಬಿಡಿಯಲ್ಲೇ ಅದು ನೀರಿನ ಜೊತೆ ಕೊಳವೆಗೆ ಹೋಯಿತು. ಆಟ ಶುರುವಾಗುವ ಮೊದಲೇ ಮುಗಿದಿತ್ತು. ಮತ್ತೆ ಜಾನ್ ಏನನ್ನುತ್ತಾನೆ? 'ನಾನು ಯಾರನ್ನೂ ಕೊಲ್ಲುವುದಿಲ್ಲ, ಎಲ್ಲರಿಗೂ ಒಂದು ಅವಕಾಶ ಕೊಡುತ್ತೇನೆ' ಅಂತ. ಎಲ್ಲಿ ಕೊಟ್ಟ ಸ್ವಾಮಿ?

ಅದೇ ಚಿತ್ರದಲ್ಲಿ ಮಣಿಕಟ್ಟು ಕೊಯ್ದುಕೊಂಡಿದ್ದ ಒಬ್ಬನನ್ನು ಚೂಪು ತಂತಿಗಳ ನಡುವೆ ತೆವಳಲು ಬಿಡುತ್ತಾನೆ. ಸಾಯಬೇಕು ಅನ್ನಿಸುವಷ್ಟು ನೊಂದವನಿಗೆ ಕೊಟ್ಟ ಚಿಕಿತ್ಸೆ ಅದು. ಅಮಾಂಡಾ ತನ್ನ ತಲೆಗೆ ಹಾಕಿದ ಯಂತ್ರ ಬಿಚ್ಚಲು ಒಬ್ಬನ ಹೊಟ್ಟೆ ಸೀಳಿ ಕೀ ತೆಗೆಯಬೇಕು. ಅವನಿಗೆ ಮದ್ದು ಚುಚ್ಚಿ ಮಲಗಿಸಿದ್ದಾರೆ, ಆದರೆ ಜೀವ ಇದೆ. ಅವನ ಪರೀಕ್ಷೆ ಯಾವುದು? ಅವನು ಪರೀಕ್ಷೆಗೆ ಕೂತವನೇ ಅಲ್ಲ, ಪ್ರಶ್ನೆಪತ್ರಿಕೆ!

ಹತ್ತನೇ ಚಿತ್ರದ ಕಥೆ ನಡೆಯುವುದು ಮೊದಲ ಮತ್ತು ಎರಡನೇ ಚಿತ್ರಗಳ ನಡುವೆ. ಅಂದರೆ ಇದೆಲ್ಲ ಆಗಲೇ ಆಗಿಹೋಗಿದೆ. ನಿನ್ನೆ ನಾವು ನೋಡಿದ ಆ ಬಡಪಾಯಿ ರೋಗಿಯ ಕೈಗೆ ಇದೆಲ್ಲ ಅಂಟಿದೆ.

ನನ್ನ ಮಾತು ಇಷ್ಟೇ. ಜಾನ್ ಒಳ್ಳೆಯವನಾಗಲಿಲ್ಲ. ಅವನ ಎದುರಿಗೆ ಅವನಿಗಿಂತ ಕೆಟ್ಟವರನ್ನು ತಂದು ನಿಲ್ಲಿಸಿದರು.

ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು. ನನ್ನ ಮಾತು ಮೊದಲೂ ಕೇಳಿದವರಿಗೆ ಇದು ಗೊತ್ತು, ಅವರು ಕ್ಷಮಿಸಬೇಕು. ದೊಡ್ಡಮ್ಮ ಹಾರರ್ ನೋಡುವವರಲ್ಲ. ಒಂದು ಮಧ್ಯಾಹ್ನ ನಾನು ಈ ಚಿತ್ರ ಹಾಕಿಕೊಂಡು ಕೂತಿದ್ದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಾ ಪಕ್ಕದಲ್ಲಿ ಕೂತರು. ತೆರೆಯ ಮೇಲೆ ವಯಸ್ಸಾದ ಮನುಷ್ಯ, ಮೆದುಳಿನಲ್ಲಿ ಗೆಡ್ಡೆ, ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ಹೇಳಿದ್ದಾರೆ. 'ಪಾಪ, ಹೆಂಡ್ತಿ ಮಕ್ಕಳು ಯಾರೂ ಕಾಣ್ತಾ ಇಲ್ವಲ್ಲೋ' ಅಂದರು. ಅವನು ಮೆಕ್ಸಿಕೋಗೆ ಹೋಗುತ್ತಾನೆ. ಸಿಸೀಲಿಯಾ ಅನ್ನುವ ನಾರ್ವೆಯ ಹೆಂಗಸು ನಯವಾಗಿ ಮಾತಾಡಿ ದುಡ್ಡು ಕಟ್ಟಿಸಿಕೊಂಡು ಆಪರೇಷನ್ ಮಾಡಿಸುತ್ತಾಳೆ. ಅವನು ಕಾರ್ಲೋಸನ ಸೈಕಲ್ ರಿಪೇರಿ ಮಾಡಿಕೊಡುತ್ತಾನೆ. ದೊಡ್ಡಮ್ಮನಿಗೆ ಖುಷಿಯೋ ಖುಷಿ. 'ಇಂಥೋರಿಗೆ ವಾಸಿ ಆಗ್ಬೇಕಪ್ಪಾ.'

ಆಮೇಲೆ ಅವನು ತಲೆಯ ಬ್ಯಾಂಡೇಜ್ ಬಿಚ್ಚುತ್ತಾನೆ. ಒಳಗೆ ಗಾಯವೇ ಇಲ್ಲ. ಆಪರೇಷನ್ನೇ ಆಗಿಲ್ಲ. ಎಲ್ಲ ನಾಟಕ. ದೊಡ್ಡಮ್ಮ ಹುರುಳಿಕಾಯಿ ತಟ್ಟೆ ಪಕ್ಕಕ್ಕಿಟ್ಟರು. 'ಹಾಳಾಗ್ ಹೋಗ್ಲಿ ಇವಳು! ಸಾಯೋನ ಹತ್ರ ದುಡ್ಡು ಕೀಳ್ತಾಳಲ್ಲ!' ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅವರ ಪರಿಚಯದವರೊಬ್ಬರಿಗೆ ಯಾರೋ ಕ್ಯಾನ್ಸರಿಗೆ ಪುಡಿ ಕೊಟ್ಟು ಮೋಸ ಮಾಡಿದ ಕಥೆಯೂ ಬಂತು. ನಾನು ಸುಮ್ನೆ ಕೂತಿದ್ದೆ, ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತಿತ್ತಲ್ಲ.

ಬಂತು. ಆ ಮೋಸಗಾರರ ಗುಂಪಿನ ಹುಡುಗಿಯೊಬ್ಬಳು ತಂತಿ ಗರಗಸದಿಂದ ತನ್ನ ಕಾಲನ್ನೇ ಕೊಯ್ದುಕೊಳ್ಳಬೇಕು. ದೊಡ್ಡಮ್ಮ ಸೆರಗು ಮುಖಕ್ಕೆ ಹಿಡಿದುಕೊಂಡು, ಅದರ ಅಂಚಿನಿಂದಲೇ ನೋಡುತ್ತಾ, 'ಇದನ್ನೆಲ್ಲ ಅವನೇ ಮಾಡಿಸ್ತಿರೋದಾ?' ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಮಾಡ್ಲಿ ಬಿಡು.'

ಚಿತ್ರ ಮುಗಿದ ಮೇಲೆ ನಾನು ಅವರಿಗೆ ಮಣಿಕಟ್ಟು ಕೊಯ್ದುಕೊಂಡವನ ಕಥೆ ಹೇಳಿದೆ. ಕೊಳವೆಗೆ ಹೋದ ಕೀ ಕಥೆಯನ್ನೂ ಹೇಳಿದೆ. ಅವರಿಗೆ ನನ್ನ ಮೇಲೇ ಕೋಪ ಬಂತು. 'ಅದನ್ನ ಯಾಕೆ ಇದರಲ್ಲಿ ತೋರಿಸ್ಲಿಲ್ಲ ಅವರು?'

ಎಷ್ಟೋ ವಿಮರ್ಶೆ ಓದಿದ್ದೇನೆ, ಈ ಪ್ರಶ್ನೆ ಯಾರೂ ಇಷ್ಟು ನೇರವಾಗಿ ಕೇಳಿದ್ದನ್ನು ನೋಡಿಲ್ಲ.

ತೋರಿಸಲಿಲ್ಲ, ಯಾಕೆಂದರೆ ನಿರ್ದೇಶಕರು ಜಾಣರು. ಕೆವಿನ್ ಗ್ರೂಟರ್ಟ್ ಈ ಸರಣಿಯ ಮೊದಲ ಐದು ಚಿತ್ರಗಳ ಎಡಿಟರ್. ಆರನೆಯದನ್ನು, ಏಳನೆಯದನ್ನು ನಿರ್ದೇಶಿಸಿದವರು. ಎಲ್ಲಿ ಕತ್ತರಿಸಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಸ್ಪತ್ರೆಯ ದೃಶ್ಯ ನೆನಪಿದೆಯಾ? ಕಸ ಗುಡಿಸುವವನೊಬ್ಬ ರೋಗಿಯ ವಸ್ತುಗಳಿಗೆ ಕೈ ಹಾಕುತ್ತಾನೆ. ಜಾನ್ ನೋಡುತ್ತಾನೆ. ತಕ್ಷಣ ನಮಗೆ ಕಣ್ಣು ಕೀಳುವ ಆ ಭಯಂಕರ ಯಂತ್ರ. ಪೋಸ್ಟರಿನಲ್ಲೂ ಇದ್ದಿದ್ದು ಅದೇ. ಆದರೆ ಅದು ಜಾನ್ ತಲೆಯೊಳಗೆ ಮಾತ್ರ. ಅಷ್ಟರಲ್ಲಿ ಅವನು ಕದ್ದಿದ್ದನ್ನು ವಾಪಸ್ ಇಡುತ್ತಾನೆ, ಜಾನ್ ಶಹಬ್ಬಾಸ್ ಅನ್ನುವಂತೆ ಹೊರಟುಹೋಗುತ್ತಾನೆ. ಟಿಕೆಟ್ ಕೊಟ್ಟವರಿಗೆ ರಕ್ತ ಸಿಕ್ಕಿತು, ಜಾನ್ ಕೈ ಮಾತ್ರ ಚೊಕ್ಕ.

ಇನ್ನೊಂದು ನೋಡಿ. ಗೇಬ್ರಿಯೇಲಾ, ಆ ಮೋಸಗಾರರ ಗುಂಪಿನ ಇನ್ನೊಬ್ಬಳು. ಅವಳು ತನ್ನ ಪರೀಕ್ಷೆ ಗೆದ್ದು ಬದುಕುತ್ತಾಳೆ. ಅವಳನ್ನು ಆಸ್ಪತ್ರೆಗೆ ಸೇರಿಸಿ ಅಂತಾನೆ ಜಾನ್. ಅವಳ ಕುತ್ತಿಗೆ ಮುರಿಯುವವಳು ಸಿಸೀಲಿಯಾ. ಲೆಕ್ಕ ಗಮನಿಸಿ. ನಮಗೆ ಕರುಣೆ ಬರುವ ಒಂದು ಸಾವನ್ನು ಜಾಣತನದಿಂದ ಆಕಡೆ ಖಾತೆಗೆ ಬರೆದರು. ಸಾಲದು ಅಂತ ಕೊನೆಗೆ ಮಗು ಕಾರ್ಲೋಸನನ್ನೇ ಯಂತ್ರಕ್ಕೆ ಕಟ್ಟಿಸಿದರು, ಅದೂ ಸಿಸೀಲಿಯಾ ಕೈಯಲ್ಲಿ. ಜಾನ್ ಹುಡುಗನಿಗಾಗಿ ಸಾಯಲೂ ತಯಾರು. ಅವನು ಒಳ್ಳೆಯವನಾಗಲಿಲ್ಲ, ಎದುರಿನವಳು ಇನ್ನೂ ಕೆಟ್ಟವಳಾದಳು. ಮತ್ತೆ ಅದೇ ಹೇಳುತ್ತಿದ್ದೇನೆ, ಗೊತ್ತು.

ಇದಕ್ಕೆ ವ್ಯಾಪಾರದ ಕಾರಣವೂ ಇದೆ. 2006ರ ಮೂರನೇ ಚಿತ್ರದಲ್ಲೇ ಜಾನ್‌ನನ್ನು ಕೊಂದುಬಿಟ್ಟರು. ನಾಲ್ಕನೆಯದು ಶುರುವಾಗುವುದೇ ಅವನ ಪೋಸ್ಟ್‌ಮಾರ್ಟಂನಿಂದ. ಅಲ್ಲಿಂದ ಮುಂದೆ ಫ್ಲ್ಯಾಷ್‌ಬ್ಯಾಕ್ ಮೇಲೆ ಫ್ಲ್ಯಾಷ್‌ಬ್ಯಾಕ್. ಶಿಷ್ಯರು ಬಂದರು, ಶಿಷ್ಯರ ಶಿಷ್ಯರು ಬಂದರು, ಯಾರೂ ನಿಲ್ಲಲಿಲ್ಲ. 2021ರಲ್ಲಿ ಜಾನ್ ಇಲ್ಲದೆಯೇ ಒಂದು ಮಾಡಿ ನೋಡಿದರು, ಕ್ರಿಸ್ ರಾಕ್ ಅವರನ್ನು ಹಾಕಿಕೊಂಡು. ಕೆಲಸ ಕೆಟ್ಟಿತು. ಜನಕ್ಕೆ ಬೇಕಾಗಿದ್ದು ಜಾನ್ ಪಾತ್ರ ಮಾಡುವ ಟೋಬಿನ್ ಬೆಲ್. ಮೊದಲ ಚಿತ್ರದಲ್ಲಿ ಆ ಮನುಷ್ಯ ಮಾಡಿದ್ದೇನು? ಬಚ್ಚಲುಮನೆಯ ನೆಲದ ಮೇಲೆ ಹೆಣದ ಹಾಗೆ ಮಲಗಿದ್ದರು, ಕೊನೆಯಲ್ಲಿ ಎದ್ದರು. ಅಷ್ಟಕ್ಕೇ ಇಡೀ ಸರಣಿ ಅವರದಾಯಿತು. 2023ರಲ್ಲಿ, ಎಂಬತ್ತು ದಾಟಿದ ಮೇಲೆ, ಅವರಿಗೆ ಮೊದಲ ಸಲ ಇಡೀ ಚಿತ್ರ ಸಿಕ್ಕಿತು. ಎಷ್ಟು ಚೆನ್ನಾಗಿ ಮಾಡಿದ್ದಾರೆ! ವಾಸಿಯಾಯಿತು ಅಂತ ನಂಬಿದ ದಿನ ಆ ಮುಖದಲ್ಲಿ ಬರುವ ನಗು ನೋಡಿ ನಾನೂ ಕರಗಿದ್ದೇನೆ. ನಟನ ಮೇಲೆ ನನ್ನ ತಕರಾರು ಇಲ್ಲವೇ ಇಲ್ಲ.

ಚೀಟಿ ಬಂತು. ಐದು ನಿಮಿಷ ಅಂತೆ. ಸರಿ, ಓಡುತ್ತೇನೆ.

2009ರ ಆರನೇ ಚಿತ್ರದ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅಮೆರಿಕದಲ್ಲಿ ಆರೋಗ್ಯ ವಿಮೆ ಬಗ್ಗೆ ಜಗಳ ಜೋರಾಗಿದ್ದ ವರ್ಷ ಅದು. ಅದರಲ್ಲಿ ಜಾನ್‌ಗೆ ವಿಮೆ ನಿರಾಕರಿಸಿದ ಅಧಿಕಾರಿಯೇ ಪರೀಕ್ಷೆಗೆ ಬೀಳುತ್ತಾನೆ. ಅಲ್ಲೂ ಜನ ಜಾನ್ ಕಡೆಗೇ ವಾಲಿದರು. ಆದರೆ ಆ ಚಿತ್ರ ವಿಮೆಯವನಿಗೂ ಮುಖ ಕೊಟ್ಟಿತ್ತು. ಅವನು ಹೆದರುತ್ತಾನೆ, ಬದಲಾಗುತ್ತಾನೆ, ಆದರೂ ಸಾಯುತ್ತಾನೆ. ನಮಗೆ ಯಾರ ಕಡೆ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ನನಗೆ ಅದೇ ಇಷ್ಟ. ಸಿಸೀಲಿಯಾಗೆ ಅಂಥ ಒಂದು ಗಳಿಗೆಯೂ ಕೊಟ್ಟಿಲ್ಲ.

ರನ್ನನ ದುರ್ಯೋಧನನನ್ನು ಇಲ್ಲಿ ಬಿಟ್ಟರೆ ನೀವು ಬಿಡುವುದಿಲ್ಲ. ರಣರಂಗದಲ್ಲಿ ದುಶ್ಶಾಸನನ ಹೆಣ, ಕರ್ಣನ ಹೆಣ ನೋಡಿ ಅವನು ಅಳುವಾಗ ನಾವೂ ಅಳುತ್ತೇವೆ. ಶತ್ರುವಿನ ಮಗ ಅಭಿಮನ್ಯುವನ್ನು ನೋಡಿ ಕೈ ಮುಗಿಯುತ್ತಾನೆ. ಆದರೆ ನಮ್ಮನ್ನು ಅಳಿಸುವುದಕ್ಕೆ ರನ್ನ ಭೀಮನನ್ನು ಕೆಡಿಸಲಿಲ್ಲ. ಭೀಮನೇ ನಾಯಕ. ದ್ರೌಪದಿಯ ಅವಮಾನವನ್ನೂ ಮರೆಸಲಿಲ್ಲ. ದುರ್ಯೋಧನ ಮಾಡಿದ್ದೆಲ್ಲ ಕಣ್ಣೆದುರಿಗೇ ಇರುವಾಗಲೂ ನಮ್ಮ ಗಂಟಲು ಕಟ್ಟುತ್ತದೆ. ಕಷ್ಟದ ಕೆಲಸ ಅದು. ಮೆಕ್ಸಿಕೋದಲ್ಲಿ ನಡೆದಿದ್ದು ಸುಲಭದ ಕೆಲಸ.

ಕೊನೆಯ ಹೆಸರುಗಳು ಓಡುವಾಗ ಬಂದ ದೃಶ್ಯ ಅರ್ಧ ಜನ ನೋಡಲಿಲ್ಲ ಅನ್ನಿಸುತ್ತದೆ, ಎದ್ದು ಹೊರಟಿದ್ದಿರಿ. ಅದು ಅದೇ ಬಚ್ಚಲುಮನೆ. ಜಾನ್ ಜೊತೆ ಹಾಫ್‌ಮನ್ ಇದ್ದಾನೆ, ಪೊಲೀಸ್, ಆದರೆ ಅವನೂ ಜಾನ್‌ನ ಶಿಷ್ಯನೇ. ಎದುರಿಗೆ ಕಟ್ಟಿಹಾಕಿರುವುದು ಜಾನ್‌ಗೆ ಮೆಕ್ಸಿಕೋದ ದಾರಿ ತೋರಿಸಿದ ಒಬ್ಬ ಗೆಳೆಯನನ್ನು. ಕಾರ್ಲೋಸ್ ಅಲ್ಲಿಲ್ಲ. ಮೊದಲ ಚಿತ್ರದ ಜಾನ್ ಪೂರ್ತಿ ಅಲ್ಲೇ ನಿಂತಿದ್ದಾನೆ. ನನ್ನನ್ನು ಕೇಳಿದರೆ ಇಡೀ ಚಿತ್ರದಲ್ಲಿ ನಿಜ ಹೇಳಿದ್ದು ಆ ಒಂದೆರಡು ನಿಮಿಷ.

ಇನ್ನೊಂದು ಚೀಟಿ ಬಂತು, ಇದರಲ್ಲಿ ಅಡಿಗೆರೆ ಬೇರೆ ಹಾಕಿದ್ದಾರೆ. ಆಯ್ತು. ಮೂರನೇ ಸಾಲಿನಲ್ಲಿ ಒಬ್ಬರು ಆಗಿನಿಂದ ತಲೆ ಅಲ್ಲಾಡಿಸುತ್ತಿದ್ದೀರಿ, ನಿಮಗೆ ಜಾನ್ ಇಷ್ಟ ಅಂತ ಕಾಣುತ್ತೆ. ಮೈಕ್ ಅವರಿಗೆ ಕೊಡಿ, ಜಗಳ ಅಲ್ಲಿಂದಲೇ ಶುರುವಾಗಲಿ.