ಹಳೇ ಮ್ಯಾಪಿನ ಕೆಳಗೆ ಇನ್ನೊಂದು ಮ್ಯಾಪ್

ಈಗ ನೀವು ನೋಡುತ್ತಿರುವುದು ಬೀದರಿನ ನೌಬಾದ್. ಬಿಸಿಲು ಸ್ವಲ್ಪ ಇಳಿದಿದೆ. ನೆಲದ ಮೇಲೆ ಬಾವಿಯಂಥ ಬಾಯಿಗಳು ಕಾಣುತ್ತಿವೆ, ಅಲ್ವಾ? ಚಿಕ್ಕವಳಿದ್ದಾಗ ಇವನ್ನು ಹಾಳು ಬಾವಿ ಎಂದುಕೊಂಡಿದ್ದೆ. ಇವೆಲ್ಲ ಬಹಮನಿ ಕಾಲದ ಕರೇಜ್‌ನ ಬಾಯಿಗಳು. ನೀರು ಹರಿಸಲು ಕೆಂಪು ಕಲ್ಲು ಕೊರೆದು ಮಾಡಿದ ಸುರಂಗ ನಮ್ಮ ಕಾಲ ಕೆಳಗೇ ಇದೆ. ಇಲ್ಲಿಗೆ ಬಂದಾಗಲೆಲ್ಲ ನನಗೆ ಒಂದು ಗೇಮ್ ನೆನಪಾಗುತ್ತದೆ.

ನಿಂಟೆಂಡೊ ಕಂಪನಿಯ ಜೆಲ್ಡಾ ಎಂಬ ವಿಡಿಯೋ ಗೇಮ್ ಸರಣಿಯ ಟಿಯರ್ಸ್ ಆಫ್ ದ ಕಿಂಗ್‌ಡಮ್. 2023ರಲ್ಲಿ ಬಂತು. ಚಿಕ್ಕ ಪೀಠಿಕೆ ಮುಗಿದ ಮೇಲೆ ಆಟ ಆಕಾಶದ ದ್ವೀಪದಿಂದ ಶುರುವಾಗುತ್ತದೆ. ಅಲ್ಲಿಂದ ನೆಲಕ್ಕೆ ಇಳಿದ ಕೂಡಲೇ ನನ್ನ ತಮ್ಮ, "ಅಕ್ಕಾ, ಇದು ಅದೇ ಹಳೇ ಮ್ಯಾಪ್ ಅದಲ್ಲಾ! ಸುಮ್ನೆ ರೊಕ್ಕ ದಂಡ" ಅಂದ.

ಅವನು ಹೇಳಿದ್ದು ನಿಜ. ಇದರ ಹಿಂದಿನ ಆಟ, 2017ರ ಬ್ರೆತ್ ಆಫ್ ದ ವೈಲ್ಡ್‌ನ ಬೆಟ್ಟ, ಹೊಳೆ, ಊರುಗಳೇ ಇಲ್ಲೂ ಇವೆ. ಆದರೆ ಈ ಸಲ ಹಲಗೆ, ಗಾಲಿ, ಫ್ಯಾನ್ ಏನು ಸಿಕ್ಕರೂ ಅಂಟಿಸಿ ಗಾಡಿ ಮಾಡಬಹುದು, ದೋಣಿ ಮಾಡಬಹುದು. ಅದು ಬಿಡಿ. ನನಗೆ ಜಾಸ್ತಿ ಇಷ್ಟವಾದದ್ದು ನೆಲದ ಕೆಳಗಿನ ಲೋಕ.

ಅಲ್ಲಿ ಪೂರ್ತಿ ಕತ್ತಲೆ. ಮೇಲೆ ಬೆಟ್ಟ ಇದ್ದರೆ ಕೆಳಗೆ ತಗ್ಗು. ಮೇಲೆ ಹೊಳೆ ಇದ್ದರೆ ಕೆಳಗೆ ಗೋಡೆ. ಮೇಲೆ ಎಲ್ಲೆಲ್ಲಿ ಗುಡಿಗಳಿವೆಯೋ ನೇರ ಅವುಗಳ ಕೆಳಗೆ ಬೆಳಕು ಕೊಡುವ ಬೇರುಗಳು. ಗುಡಿಯ ಹೆಸರನ್ನು ಹಿಂದಿನಿಂದ ಓದಿದರೆ ಬೇರಿನ ಹೆಸರು! ಇದು ಗೊತ್ತಾದಾಗ ತಮ್ಮ ಮೇಲಿನ ಮ್ಯಾಪ್ ತೆಗೆದು ಒಂದೊಂದೇ ಗುಡಿ ನೋಡುತ್ತಾ ಕತ್ತಲಲ್ಲಿ ದಾರಿ ಹುಡುಕಿದ. ಮೇಲಿನ ನಾಡು ಬಾಯಿಪಾಠ ಆಗಿತ್ತು, ಅದಕ್ಕೇ ಕೆಳಗೆ ಅಷ್ಟು ಮಜಾ ಬಂತು.

ಇದೇ ಸರಣಿಯಲ್ಲಿ ಇದಕ್ಕಿಂತ ಮೊದಲೂ ಹೀಗೆ ಹಳೆಯದನ್ನೇ ಬಳಸಿ ಹೊಸ ಆಟ ಮಾಡಿದ್ದಾರೆ. 1998ರಲ್ಲಿ ಆಕರಿನಾ ಆಫ್ ಟೈಮ್ ಬಂದಿತ್ತು. ಅದರ ಡಂಜನ್‌ಗಳನ್ನೇ, ಅಂದರೆ ಒಗಟು ತುಂಬಿದ ಗುಹೆ, ಕೋಟೆಗಳನ್ನೇ, ತಿರುಗಿಸಿ ಹೊಸ ರೂಪದಲ್ಲಿ ಕೊಡುವ ಕೆಲಸ ಅವನ್ನು ವಿನ್ಯಾಸ ಮಾಡಿದ್ದ ಐಜಿ ಔನುಮಾ ಅವರಿಗೆ ಬಂತು. ಅವರಿಗೆ ಮನಸ್ಸಿರಲಿಲ್ಲ. ಹಾಗಾದರೆ ಒಂದು ವರ್ಷದಲ್ಲಿ ಹೊಸ ಆಟ ಮಾಡು ಎಂದರು ಜೆಲ್ಡಾ ಸರಣಿ ಹುಟ್ಟುಹಾಕಿದ ಮಿಯಾಮೊಟೊ. 2000ದಲ್ಲಿ ಮಜೋರಾಸ್ ಮಾಸ್ಕ್ ಬಂತು. ಪಾತ್ರಗಳ ಗೊಂಬೆಗಳು ಹಳೆಯವೇ, ಆದರೆ ಮೂರು ದಿನಕ್ಕೆ ಚಂದ್ರ ಬಂದು ಬೀಳುತ್ತಾನೆ. ಅಷ್ಟರೊಳಗೆ ಕಾಲ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲ ದಿನದಿಂದ ಆಡಬೇಕು.

ಹಳೇ ಆಟದಲ್ಲಿ ಹೊಲದ ಮನೆಯ ಹುಡುಗಿ ಮ್ಯಾಲನ್ ಇದ್ದಳು. ಮೊದಲು ಚಿಕ್ಕವಳು, ಏಳು ವರ್ಷದ ನಂತರ ದೊಡ್ಡವಳು. ಹೊಸ ಆಟದಲ್ಲಿ ಆ ಎರಡು ರೂಪಗಳೇ ಅಕ್ಕ ತಂಗಿ ಆಗಿ ಒಂದೇ ಮನೆಯಲ್ಲಿದ್ದಾರೆ. ಕೊನೆಯ ರಾತ್ರಿ ಅಕ್ಕ ತಂಗಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ. ಹಳೇ ಗೊಂಬೆಗಳೇ, ಆದರೆ ಅದನ್ನು ನೋಡುವಾಗ ನನ್ನ ಗಂಟಲು ಕಟ್ಟಿತು. ಹೀಗೆ ಹಳೆಯದನ್ನು ಮತ್ತೆ ಬಳಸುವುದನ್ನು ಸೋಮಾರಿತನ ಎನ್ನಲು ನನಗೆ ಆಗುವುದಿಲ್ಲ.

ಹತ್ತಿರ ಬನ್ನಿ, ಈ ಬಾಯಿಯೊಳಗೆ ಬಗ್ಗಿ ನೋಡೋಣ. ತಮ್ಮ ಆಗಲೇ ಟಾರ್ಚ್ ಹಿಡಿದು ಮುಂದಿನ ಬಾಯಿ ಎಲ್ಲಿದೆ ಎಂದು ನೋಡುತ್ತಾ ಹೊರಟಿದ್ದಾನೆ.